ಕರೆದರೆ ನಾಲ್ವರು ಓ ಎನ್ನುವ ಹೆಸರು

ನನ್ನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮುಚ್ಚಿಡುವಂಥದ್ದೇನೂ ಇಲ್ಲ, ಬರೆದರೆ ಇಳಕಲ್ಲಿನ ಒಂದೇ ಮನೆಯಲ್ಲಿ ನಾಲ್ಕು ಜನ ಓ ಎನ್ನುತ್ತಾರೆ, ಅಷ್ಟೆ.

ಅದು ನಮ್ಮ ಆಯಿಯ ಹೆಸರು, ಅಂದರೆ ಅಪ್ಪನ ತಾಯಿಯದು. ಮೊಮ್ಮಕ್ಕಳಿಗೆ ಹಿರಿಯರ ಹೆಸರಿಡುವುದು ನಮ್ಮಲ್ಲಿ ಸಾಮಾನ್ಯವಾಗಿ ಅವರು ತೀರಿಕೊಂಡ ಮೇಲೆ. ಆಯಿ ಅದಕ್ಕೆ ಒಪ್ಪಲಿಲ್ಲವಂತೆ. “ನಾ ಸತ್ತ ಮ್ಯಾಲ ಇಟ್ಟರ ನನಗೇನ್ ಕೇಳಸ್ತೈತಿ? ಇದ್ದಾಗ ಇಡ್ರಿ, ಕಿವಿತುಂಬ ಕೇಳ್ತೇನಿ” ಎಂದು ಮೂವರು ಗಂಡುಮಕ್ಕಳಿಗೂ ತಾಕೀತು ಮಾಡಿದಳು. ಮೂವರೂ ತಾಯಿಯ ಮಾತು ಮೀರದವರು, ಮೂವರಿಗೂ ಮೊದಲು ಹುಟ್ಟಿದ್ದು ಹೆಣ್ಣು. ಹೀಗಾಗಿ ದೊಡ್ಡಪ್ಪನ ಮಗಳು, ನಾನು, ಕಾಕಾನ ಮಗಳು ಮೂವರೂ ಒಂದೇ ಹೆಸರು, ಒಂದೇ ಅಡ್ಡಹೆಸರು ಹೊತ್ತುಕೊಂಡು ಒಂದೇ ಪಡಸಾಲೆಯಲ್ಲಿ ಬೆಳೆದೆವು.

ಆದರೆ ಆಯಿ ಒಂದು ವಿಷಯ ಮರೆತಿದ್ದಳು. ಸೊಸೆಯಾದವಳು ಅತ್ತೆಯ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಗಂಡುಮಕ್ಕಳಿಗೂ ಹಡೆದವ್ವನ ಹೆಸರು ಹಿಡಿದು ಕೂಗಲು ಸಂಕೋಚ. ಕಿವಿತುಂಬ ಕೇಳಬೇಕೆಂದು ಮೂರು ಸಲ ಇಡಿಸಿದ ಹೆಸರನ್ನು ಆ ಮನೆಯಲ್ಲಿ ಯಾರೂ ಉಚ್ಚರಿಸಲೇ ಇಲ್ಲ. ಅವ್ವ ನನ್ನನ್ನು ಕೂಸು ಎಂದಳು, ಬಾಳಾ ಎಂದಳು, ತಂಗಿ, ಅಪ್ಪಿ, ಗೊಂಬಿ, ಚಿಗರಿ, ಬೆಲ್ಲ ಎಂದಳು. ಸಿಟ್ಟು ಬಂದಾಗ ಹುಚ್ಚಿ. ಸಣಕಲಿ ಎಂದು ಸೂಜಿ. ದೊಡ್ಡವರ ಹಾಗೆ ಮಾತಾಡಿದರೆ ಮುದುಕಿ. ಹೆಸರೊಂದನ್ನು ಬಿಟ್ಟು ಬೇರೆಲ್ಲವನ್ನೂ ಕರೆದಳು.

ಒಂದು ಹೆಸರಿಗೆ ಒಂದೇ ಜೀವ ಇರಬೇಕೆಂಬ ನಿಯಮ ಲೋಕದಲ್ಲಿದೆ ಎಂದು ನನಗೆ ಬಹಳ ದಿನ ಗೊತ್ತೇ ಇರಲಿಲ್ಲ. ಶಾಲೆಯಲ್ಲಿ ನನಗೆ ಬಂದ ಬಹುಮಾನದ ಕಂಪಾಸು ಪೆಟ್ಟಿಗೆಯನ್ನು ದೊಡ್ಡಪ್ಪನ ಮಗಳು ತೆಗೆದುಕೊಂಡು ಬಂದಳು. ಹೆಸರು ಕರೆದರಂತೆ, ಎದ್ದು ಹೋದಳಂತೆ. ಅವಳದೇನು ತಪ್ಪು? ಹಬ್ಬಕ್ಕೆ ಒಂದೇ ಥಾನಿನಲ್ಲಿ ಮೂವರಿಗೂ ಲಂಗ ಹೊಲಿಸುತ್ತಿದ್ದರು. ನನ್ನದು ಅಂತ ಒಂದಾದರೂ ಇರಬೇಕೆಂಬ ಆಸೆ ನನಗೆ ಅಲ್ಲಿಂದ ಹತ್ತಿಕೊಂಡಿರಬೇಕು. ಅದು ಕೊನೆಗೆ ಬಂದು ನಿಂತದ್ದು ಒಂದು ಕೋಣೆಯ ಮೇಲೆ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಬಾಗಲಕೋಟೆಯ ಒಂದು ಎಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ವಿಭಾಗದಲ್ಲಿ ನನಗೆ ತಾತ್ಕಾಲಿಕ ಕೆಲಸ ಸಿಕ್ಕಿತ್ತು. ಹಳೆಯ ಊರಿನ ಒಂದು ಭಾಗ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ, ಜನ ನವನಗರದ ಸೆಕ್ಟರುಗಳಿಗೆ ಬಂದು ನೆಲೆಸುತ್ತಿದ್ದ ಕಾಲ. ಸಾಲಿಗೆ ಸಾಲು ಒಂದೇ ನಮೂನೆಯ ಮನೆಗಳು. ನಾನು ಬಾಡಿಗೆಗಿದ್ದ ಮನೆಯ ಯಜಮಾನರು ಬಂದ ಹೊಸತರಲ್ಲಿ ಹಿಂದಿನ ಸಾಲಿನ ಮನೆಯೊಂದಕ್ಕೆ ಹೊಕ್ಕು, ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕಿ, ಚಹಾ ಕೇಳಿದ್ದರಂತೆ. ಆ ಮನೆಯವರು ಪಾಪ, ಚಹಾ ಮಾಡಿಕೊಟ್ಟೇ ವಿಚಾರಿಸಿದರಂತೆ.

ಆ ಕಾಲೇಜಿಗೆ ಒಂದು ದಿನ ಬ್ಲೇಡ್ ಸರ್ವರ್ ಬಂತು. ದೊಡ್ಡದೊಂದು ಕಬ್ಬಿಣದ ಪೆಟ್ಟಿಗೆ. ಅದರಲ್ಲಿ ಕಪಾಟಿನ ಪುಸ್ತಕಗಳ ಹಾಗೆ ನಿಲ್ಲಿಸಿದ ಹತ್ತು ತೆಳು ಕಂಪ್ಯೂಟರುಗಳು. ಒಂದೊಂದಕ್ಕೂ ಬ್ಲೇಡ್ ಎಂದು ಹೆಸರು. ಪೆಟ್ಟಿಗೆ ಹೊರಿಸಿಕೊಂಡು ಬಂದವರು ನಮ್ಮ ವಿಭಾಗದ ಸಿಪಾಯಿ, ಬಾದಾಮಿ ಕಡೆಯ, ನಿವೃತ್ತಿಗೆ ಹತ್ತಿರವಾದ ಹಿರಿಯರು.

“ಬಾಯಾರ, ಹತ್ತು ಬ್ಲೇಡಿಗೆ ಇಷ್ಟ ದೊಡ್ಡ ಪೆಟಿಗಿ ಯಾಕ್ರಿ? ನಮ್ಮ ಬಾದಾಮ್ಯಾಗ ಕಿರಾಣಿ ಅಂಗಡ್ಯಾಗ ಒಂದು ಸಣ್ಣ ಪುಡಿಕ್ಯಾಗ ಕೊಡ್ತಾರು” ಎಂದರು.

ಅದನ್ನು ಇಟ್ಟ ಕೋಣೆ ಸಣ್ಣದು, ಕಿಟಕಿ ಇಲ್ಲದ್ದು, ಊರೆಲ್ಲ ಕಾದ ಹಂಚಿನಂತಿದ್ದಾಗಲೂ ತಣ್ಣಗಿರುತ್ತಿದ್ದದ್ದು. ಪೆಟ್ಟಿಗೆ ಚಾಲೂ ಮಾಡಿದರೆ ಫ್ಯಾನುಗಳ ಸದ್ದಿಗೆ ಬೇರೆಯವರು ಕಿವಿ ಮುಚ್ಚಿಕೊಂಡು ಓಡುತ್ತಿದ್ದರು. ಪವರ್‌ಲೂಮಿನ ಓಣಿಯಲ್ಲಿ ಹುಟ್ಟಿದ ನನಗೆ ಅದು ಜೋಗುಳ. ನನಗೆ ಆ ಕೋಣೆ ಬಹಳ ಹಿಡಿಸಿತು. ಅದರ ಕೀಲಿಕೈ ನನ್ನ ಕೈಯಲ್ಲಿರಬೇಕು ಎಂದು ಮೊದಲ ದಿನವೇ ಅನಿಸಿಬಿಟ್ಟಿತು.

ಕೀಲಿಕೈ ಇದ್ದದ್ದು ವಿಭಾಗದ ಮುಖ್ಯಸ್ಥರ ಹತ್ತಿರ. ಮೈಸೂರು ಕಡೆಯವರು, ಮೆತ್ತಗೆ ಮಾತಾಡುವವರು, ಮೆತ್ತಗೆ ಮಾತಾಡುತ್ತಲೇ ಕುತ್ತಿಗೆಗೆ ತರುವವರು. “ನೋಡಿಯಮ್ಮಾ, ಮುಂದಿನ ಶನಿವಾರವಲ್ಲ, ಅದರ ಮುಂದಿನ ಶನಿವಾರ ಕಾಲೇಜಿನ ತಪಾಸಣೆಗೆ ಸಮಿತಿಯವರು ಬರ್ತಾರೆ. ಅವರ ಮುಂದೆ ಹತ್ತೂ ಒಟ್ಟಿಗೆ ಏಳಬೇಕು. ಎದ್ದರೆ ಈ ಕೋಣೆ ನಿಮ್ಮ ಸುಪರ್ದಿಗೆ. ಏಳದಿದ್ದರೂ ಚಿಂತೆಯಿಲ್ಲ, ಕಛೇರಿಯಲ್ಲಿ ಟೈಪಿಂಗಿಗೆ ಜನ ಬೇಕಾಗಿದ್ದಾರೆ. ನಿಮ್ಮ ಟೈಪಿಂಗ್ ಚೆನ್ನಾಗಿದೆಯಲ್ಲ?” ಎಂದರು. ಹೊಗಳಿದ ಹಾಗೇ ಇತ್ತು. ನನಗೆ ಮಾತ್ರ ಮೈಯೆಲ್ಲ ಉರಿಯಿತು.

ಮಾಡಬೇಕಾದ ಕೆಲಸ ಹೇಳಲು ಸುಲಭ. ಹತ್ತು ಯಂತ್ರಕ್ಕೂ ಒಂದೊಂದಾಗಿ ಸಿ.ಡಿ. ಹಾಕಿ ಆಪರೇಟಿಂಗ್ ಸಿಸ್ಟಮ್ ಕೂಡಿಸುತ್ತ ಕುಳಿತರೆ ವಾರಗಟ್ಟಲೆ ಹಿಡಿಯುತ್ತದೆ. ಅದರ ಬದಲು ಒಂದರ ಮೇಲೆ ಎಲ್ಲವನ್ನೂ ಸರಿಯಾಗಿ ಕೂಡಿಸಿ, ಅದರ ಡಿಸ್ಕಿನಲ್ಲಿರುವುದನ್ನು ಒಂದಕ್ಷರ ಬಿಡದೆ ದೊಡ್ಡ ಕಡತವಾಗಿ ಎತ್ತಿಡಬೇಕು. ಅದಕ್ಕೆ ಇಮೇಜ್ ಎನ್ನುತ್ತಾರೆ. ಆಮೇಲೆ ಅದನ್ನು ನೆಟ್‌ವರ್ಕಿನ ತಂತಿಯ ಮೂಲಕ ಉಳಿದ ಒಂಬತ್ತಕ್ಕೂ ಇಳಿಸಬೇಕು.

“ಇಮೇಜ್ ಅಂದ್ರ ಫೋಟೋ ಅಲ್ಲೇನ್ರಿ?” ಎಂದು ಸಿಪಾಯಿಯವರು ಕೇಳಿದರು. ಹೌದು ಎಂದೆ. “ಮತ್ತ ಗೋಡಿಗೆ ಹಾಕೋದ ಬಿಟ್ಟು ಒಳಗ ಯಾಕ ಹಾಕ್ತೀರಿ?” ಎಂದರು.

ಅದೇ ವಾರ ಅವರು ನನಗೊಂದು ತಮಾಷೆ ಹೇಳಿದರು. ವಿಭಾಗದ ಫೋನು ಅವರ ಸ್ಟೂಲಿನ ಪಕ್ಕದಲ್ಲೇ ಇತ್ತು. “ಇವತ್ತ ಒಬ್ಬಾಕಿ ಹೆಣ್ಮಗಳು ಫೋನ್ ಮಾಡಿದ್ಲ್ರಿ ಬಾಯಾರ. ಯಾರ್ ಬೇಕ್ರಿ ಅಂದೆ. ನಮ್ಮ ಹುಡುಗಿ ಬೇಕ್ರಿ ಅಂದ್ಲು. ಇಲ್ಲಿ ಎಲ್ಲಾ ಯಾರದೋ ಹುಡುಗ್ಯಾರ ಅದಾರ್ರಿ, ಹೆಸರ ಹೇಳ್ರಿ ಅಂದೆ. ಹೇಳಾಕ ಬರಂಗಿಲ್ರಿ ಅಂದ್ಲು! ಹಡದ ಮಗಳ ಹೆಸರ ಗೊತ್ತಿಲ್ಲೇನ್ರಿ ಅಂದ್ರ, ಗೊತ್ತೈತ್ರಿ ಅಂತಾಳ. ನಾ ಇಟ್ಟಬಿಟ್ಟೆ.”

ಅವರು ನಕ್ಕರು, ನಾನೂ ನಕ್ಕೆ. ಅದು ನಮ್ಮವ್ವ ಎಂದು ಹೇಳಲಿಲ್ಲ. ನಾಚಿಕೆಯಾಯಿತು. ಈಗ ನೆನೆದರೆ ಆ ನಗುವಿಗೆ ಇನ್ನೂ ಹೆಚ್ಚು ನಾಚಿಕೆಯಾಗುತ್ತದೆ. ಅವ್ವ ಫೋನು ಮಾಡಿದ್ದು ಬಸ್ಸಿನ ಕಂಡಕ್ಟರನ ಕೈಯಲ್ಲಿ ಬುತ್ತಿ ಕಳಿಸಿದ್ದೇನೆ, ನಿಲ್ದಾಣಕ್ಕೆ ಹೋಗಿ ಇಸಿದುಕೋ ಎಂದು ಹೇಳಲು. ಯಾರೂ ಇಸಿದುಕೊಳ್ಳದ ಆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಅದೇ ಬಸ್ಸಿನಲ್ಲಿ ಹುನಗುಂದ ದಾಟಿ ವಾಪಸ್ಸು ಇಳಕಲ್ಲಿಗೆ ಹೋದವು. ಸಂಜೆ ಆಯಿ ಅದನ್ನು ಉಂಡು, ಚಟ್ನಿಗೆ ಉಪ್ಪು ಕಡಿಮೆ ಎಂದಳಂತೆ.

ಮೊದಲ ಯಂತ್ರಕ್ಕೆ ಎಲ್ಲವನ್ನೂ ಕೂಡಿಸುತ್ತ ಹೋದೆ. ನಡುವೆ ಪರದೆಯ ಮೇಲೆ ಪ್ರಶ್ನೆಯೊಂದು ಬಂತು: ಈ ಯಂತ್ರದ ಹೆಸರೇನು? ನನ್ನನ್ನು ಅಷ್ಟು ನೇರವಾಗಿ ಯಾರೂ ಯಾವುದಕ್ಕೂ ಹೆಸರು ಕೇಳಿರಲಿಲ್ಲ. ಖುಷಿಯಲ್ಲಿ ನನ್ನದೇ ಹೆಸರು ಒತ್ತಿಬಿಟ್ಟೆ. ಅದರ ಜೊತೆಗೆ ನೆಟ್‌ವರ್ಕಿನಲ್ಲಿ ಅದನ್ನು ಹುಡುಕಲು ಅಂಕಿಗಳ ಒಂದು ವಿಳಾಸವನ್ನೂ ಕೊಟ್ಟೆ. ಇಮೇಜ್ ಎತ್ತಿಟ್ಟೆ. ಮೂರು ದಿನ ಕೂತು ಉಳಿದ ಒಂಬತ್ತಕ್ಕೂ ಇಳಿಸಿದೆ.

ಕರೆಂಟು ಕಾಯುವ ಹಳೆಯ ಯುಪಿಎಸ್ ಬ್ಯಾಟರಿಗೆ ಹತ್ತರ ಭಾರ ತಾಳದು, ಹೊಸದು ಶನಿವಾರ ಬರುತ್ತದೆ ಎಂದಿದ್ದರು. ಹೀಗಾಗಿ ಒಂದನ್ನೇ ಚಾಲೂ ಮಾಡುವುದು, ಪಕ್ಕದ ಕಂಪ್ಯೂಟರಿನಿಂದ ಹೆಸರು ಹಿಡಿದು ಕರೆಯುವುದು. ಓ ಎಂದು ಉತ್ತರ ಬಂದರೆ ಅದನ್ನು ಮಲಗಿಸಿ ಮುಂದಿನದನ್ನು ಎಬ್ಬಿಸುವುದು. ಹತ್ತೂ ಓ ಎಂದವು. ಹತ್ತನ್ನೂ ಒಂದೇ ಹೆಸರಿನಿಂದ ಕರೆಯುತ್ತಿದ್ದೇನೆ ಎಂದು ಗೊತ್ತಿತ್ತು, ಆದರೆ ಅದರಲ್ಲಿ ತಪ್ಪೇನಿದೆ ಎಂದು ಹೊಳೆಯಲಿಲ್ಲ. ಬೇರೆ ಮನೆಯಲ್ಲಿ ಬೆಳೆದವರಿಗೆ ಮೊದಲನೆಯ ದಿನವೇ ಹೊಳೆಯುತ್ತಿತ್ತು. ನಮ್ಮ ಮನೆಯಲ್ಲಿ ಒಂದು ಹೆಸರಿನಲ್ಲಿ ನಾಲ್ವರು ನೆಮ್ಮದಿಯಾಗಿದ್ದೆವು. ಹತ್ತಾದರೆ ಏನು ಮಹಾ!

ಶನಿವಾರ ಹೊಸ ಯುಪಿಎಸ್ ಬಂತು. ಮುಖ್ಯಸ್ಥರನ್ನು ಕರೆದು ಹೆಮ್ಮೆಯಿಂದ ಹತ್ತನ್ನೂ ಒಟ್ಟಿಗೆ ಎಬ್ಬಿಸಿದೆ. ಹೊರಗಿನ ಕಂಪ್ಯೂಟರಿನಲ್ಲಿ ಕುಳಿತು ಅವರು ಹೆಸರು ಒತ್ತಿ ಒಳಹೊಕ್ಕರು. ಎರಡು ಸಾಲು ಏನೋ ಬರೆದಿಟ್ಟು ಹೊರಬಂದರು. ಮತ್ತೆ ಹೊಕ್ಕರು. ಬರೆದದ್ದು ಇರಲಿಲ್ಲ.

“ಏನಮ್ಮಾ ಇದು? ಈಗ ತಾನೇ ಬರೆದೆನಲ್ಲ?”

ಮತ್ತೆ ಬರೆದರು. ಮತ್ತೆ ಮಾಯ. ನಾಲ್ಕನೆಯ ಸಲ ಹೊಕ್ಕಾಗ ಮೊದಲು ಬರೆದ ಎರಡು ಸಾಲು ಕಾಣಿಸಿಕೊಂಡವು. ಆಮೇಲೆ ಸಂಪರ್ಕವೇ ಕಡಿದುಹೋಯಿತು. ಹತ್ತು ಜನ ಒಂದೇ ವಿಳಾಸವನ್ನು ನಂದು ನಂದು ಎನ್ನುತ್ತಿದ್ದರು; ಒಂದು ಸಲ ಒಬ್ಬರು ಓ ಎನ್ನುವುದು, ಇನ್ನೊಂದು ಸಲ ಇನ್ನೊಬ್ಬರು. ಕಂಪಾಸು ಪೆಟ್ಟಿಗೆಯ ಕಥೆ ನನ್ನ ಕಣ್ಣ ಮುಂದೆ ನಡೆಯುತ್ತಿತ್ತು. ಮುಖ್ಯಸ್ಥರು ಎದ್ದರು. ಕೀಲಿಕೈ ಜೇಬಿಗೆ ಹಾಕಿಕೊಂಡು, “ಸೋಮವಾರ ಕಛೇರಿಯವರನ್ನ ಒಂದ್ಸಲ ಭೇಟಿಯಾಗಿರಿ” ಎಂದು ಮೆತ್ತಗೆ ಹೇಳಿ ಹೋದರು.

ಭಾನುವಾರ ಇಳಕಲ್ಲಿನಲ್ಲಿ ಅವ್ವನ ಮಗ್ಗದ ಪಕ್ಕ ಕುಳಿತು ಅತ್ತೆ. ನಡೆದದ್ದನ್ನೆಲ್ಲ ಹೇಳಿದೆ. ಅವ್ವ ಆಗ ಕೊಂಡಿ ಹಾಕುತ್ತಿದ್ದಳು. ಇಳಕಲ್ ಸೀರೆಯ ಮೈಗೆ ಹಾಸುವ ಉದ್ದ ಎಳೆಗಳು ಬೇರೆ, ಸೆರಗಿನವು ಬೇರೆ. ಮಗ್ಗದ ಮೇಲೆ ಎರಡರ ಎಳೆಗಳನ್ನೂ ಒಂದೊಂದಾಗಿ ಕುಣಿಕೆ ಮಾಡಿ ಕೂಡಿಸಬೇಕು. ಅದನ್ನು ನೋಡುತ್ತಿದ್ದಾಗ ನನಗೆ ದಾರಿ ಕಂಡಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಖರೆ ಹೇಳಬೇಕು. ನನಗೆ ಏನೂ ಕಾಣಲಿಲ್ಲ, ಮೂಗು ಸೋರುತ್ತಿತ್ತು.

“ಹತ್ತಕ್ಕೂ ಅದಽ ಹೆಸರ ಇಟ್ಟಿಯಾ?” ಎಂದಳು ಅವ್ವ, ಎಳೆಯಿಂದ ಕಣ್ಣೆತ್ತದೆ.

“ಹೂಂ.”

“ಹಂಗಾರ ನಾ ಅಲ್ಲಿ ಬಂದ್ರ ಅವನ್ನ ಏನಂತ ಕರೀಬೇಕ ಬೇ?”

ಪಡಸಾಲೆಯ ಮಂಚದ ಮೇಲಿದ್ದ ಆಯಿಗೆ ಇದು ಕೇಳಿಸಿತು. ಮನೆಯ ಫೋನು ಇದ್ದದ್ದೂ ಅವಳ ತಲೆದಿಂಬಿನ ಪಕ್ಕದಲ್ಲೇ. ಅವಳ ಕಿವಿ ತಪ್ಪಿಸಿ ಆ ಮನೆಯಲ್ಲಿ ಏನೂ ನಡೆಯುತ್ತಿರಲಿಲ್ಲ. “ಹತ್ತಕ್ಕೂ ನನ್ನ ಹೆಸರೇನಽ?” ಎಂದು ಎದ್ದು ಕುಳಿತಳು. “ಚಲೋ ಮಾಡಿ ನೋಡು. ಅವರೆಲ್ಲಾ ಹೆಸರ ಹಿಡದು ಕರೀತಾರೇನು ಅಲ್ಲಿ?” ಕರೆಯುತ್ತಾರೆ ಆಯಿ ಎಂದೆ. ಅವಳಿಗೆ ಸಮಾಧಾನವಾಯಿತು. ನನ್ನ ಗೋಳು ಅವಳಿಗೆ ಬೇಕಾಗಿರಲಿಲ್ಲ.

ಹೊಳೆದದ್ದು ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ, ಕಮತಗಿ ದಾಟಿದ ಮೇಲೆ, ಪಕ್ಕದಾಕೆಯ ಕೋಳಿ ನನ್ನ ಚೀಲ ಕುಕ್ಕುತ್ತಿದ್ದಾಗ. ಅವ್ವನ ಪ್ರಶ್ನೆಯೇ ಮತ್ತೆ ಮತ್ತೆ ತಲೆಯಲ್ಲಿ ಬರುತ್ತಿತ್ತು: ಏನಂತ ಕರೀಬೇಕು? ಇಮೇಜಿನಲ್ಲಿ ಹೆಸರೇ ಇರಬಾರದು. ಹೆಸರಿನ ಜಾಗ ಖಾಲಿ ಬಿಟ್ಟು ಇಳಿಸಬೇಕು. ಪ್ರತಿ ಯಂತ್ರದ ನೆಟ್‌ವರ್ಕ್ ಕಾರ್ಡಿಗೂ ಕಾರ್ಖಾನೆಯಲ್ಲೇ ಕೊಟ್ಟ ಒಂದು ಗುರುತು ಇರುತ್ತದೆ, ಒಂದರದು ಇನ್ನೊಂದಕ್ಕೆ ಇರುವುದಿಲ್ಲ. ಯಂತ್ರ ಮೊದಲ ಸಲ ಎದ್ದಾಗ ಆ ಗುರುತು ಹೇಳಿ ನಾನು ಯಾರು ಎಂದು ಕೇಳಬೇಕು. ನಾನು ಬರೆದಿಟ್ಟ ಪಟ್ಟಿ ನೋಡಿ, ನೀನು ಇಂಥವಳು, ನಿನ್ನ ವಿಳಾಸ ಇದು ಎಂದು ಪೆಟ್ಟಿಗೆಯ ಪಕ್ಕದ ಕಂಪ್ಯೂಟರು ಹೇಳಬೇಕು. ಇಂಥ ಎಳೆಗೆ ಇಂಥದೇ ಎಳೆ ಎಂದು ಕೊಂಡಿ ಹಾಕುವುದೂ ಹೆಚ್ಚುಕಡಿಮೆ ಇದೇ ಎಂದು ನೆನಪಾದದ್ದು ಬಸ್ಸಿನಿಂದ ಇಳಿದ ಮೇಲೆ.

ಕಛೇರಿಗೆ ಹೋಗಲಿಲ್ಲ. ನೇರ ಮುಖ್ಯಸ್ಥರ ಮುಂದೆ ನಿಂತು, “ಸರ್, ಶುಕ್ರವಾರದವರೆಗೆ ಕೀಲಿಕೈ ಕೊಡ್ರಿ. ಆಮ್ಯಾಲ ಬೇಕಾದ್ರ ಜೀವಮಾನಪೂರ್ತಿ ಟೈಪ್ ಮಾಡ್ತೇನಿ” ಎಂದೆ. ನನ್ನ ದನಿ ಎತ್ತರವಾಗಿತ್ತು. ಅವರು ಗಾಬರಿಯಾಗಿ ಕೊಟ್ಟರು. ಶನಿವಾರ ಹತ್ತನ್ನೂ ಇನ್ನೊಮ್ಮೆ ಎಬ್ಬಿಸುತ್ತೇನೆ ಎಂದು ಸಂಜೆ ಅವ್ವನಿಗೂ ಫೋನು ಮಾಡಿ ಹೇಳಿದೆ.

ಇಮೇಜು ಹೊಸದಾಗಿ ಮಾಡಿದೆ. ಪಟ್ಟಿಯಲ್ಲಿ ಹತ್ತು ಹೆಸರು ಬೇಕಿತ್ತು. ಒಂದು, ಎರಡು, ಮೂರು ಎಂದು ಬರೆಯಬಹುದಿತ್ತು. ನಾನು ಅವ್ವ ಕರೆಯುವ ಹೆಸರುಗಳನ್ನು ಬರೆಯುತ್ತ ಹೋದೆ. ಕೂಸು, ಬಾಳಾ, ತಂಗಿ, ಅಪ್ಪಿ, ಗೊಂಬಿ, ಚಿಗರಿ, ಬೆಲ್ಲ, ಹುಚ್ಚಿ, ಸೂಜಿ, ಮುದುಕಿ. ಹತ್ತಕ್ಕೆ ಸರಿಯಾಗಿ ಹತ್ತು ಇದ್ದವು. ಒಂದು ಹೆಸರು ಹೇಳಲಾರದ್ದಕ್ಕೆ ಅವ್ವ ಎಷ್ಟು ಕಷ್ಟಪಟ್ಟಿದ್ದಾಳೆ ಎಂದು ಪರದೆಯ ಮೇಲೆ ನೋಡಿದಾಗಲೇ ತಿಳಿದದ್ದು.

ಶುಕ್ರವಾರ ಮಧ್ಯಾಹ್ನ ಒಂಬತ್ತು ಎದ್ದವು. ಹುಚ್ಚಿ ಏಳಲಿಲ್ಲ. ಮೂರು ಸಲ ಇಳಿಸಿದರೂ ಹೆಸರಿಲ್ಲದೆ ಸುಮ್ಮನೆ ನಿಂತಿತು. ಕೊನೆಗೆ ಸಿಪಾಯಿಯವರು ತಮ್ಮ ಚಷ್ಮಾ ಏರಿಸಿಕೊಂಡು, ಯಂತ್ರದ ಮೇಲಿನ ಕಾರ್ಖಾನೆಯ ಗುರುತಿನ ಚೀಟಿಯನ್ನೂ ನನ್ನ ಪಟ್ಟಿಯನ್ನೂ ಹಿಡಿದು ಅಕ್ಷರಕ್ಕೆ ಅಕ್ಷರ ಹೋಲಿಸಿದರು. “ಬಾಯಾರ, ಇಲ್ಲಿ ಎಂಟು ಐತಿ. ನೀವು ಇಂಗ್ಲಿಷಿನ ಬಿ ಬರದೀರಿ” ಎಂದರು. ತಿದ್ದಿದೆ, ಎದ್ದಿತು. ಟೈಪಿಂಗ್ ಚೆನ್ನಾಗಿದೆ ಎಂದ ಮುಖ್ಯಸ್ಥರಿಗೆ ಈ ವಿಷಯ ನಾವಿಬ್ಬರೂ ಇವತ್ತಿನವರೆಗೆ ತಿಳಿಸಿಲ್ಲ.

ಶನಿವಾರ ಸಮಿತಿಯವರು ಬಂದರು. ಮೂವರೂ ಹೊರರಾಜ್ಯದವರು, ಕನ್ನಡ ಬಾರದವರು. ಗುಂಡಿ ಒತ್ತಿದೆ. ಪೆಟ್ಟಿಗೆ ಗದ್ದಲ ಎಬ್ಬಿಸಿತು, ಮೂವರೂ ಒಂದು ಹೆಜ್ಜೆ ಹಿಂದೆ ಸರಿದರು. ಪರದೆಯ ಮೇಲೆ ಒಂದೊಂದಾಗಿ ಹಸಿರು ಸಾಲುಗಳು ಬಂದವು. ಮುಖ್ಯಸ್ಥರು ಗಂಭೀರವಾಗಿ ಓದತೊಡಗಿದರು: “ಕೂಸು, ಎದ್ದಿದೆ. ಬಾಳಾ, ಎದ್ದಿದೆ. ತಂಗಿ...” ಹುಚ್ಚಿಗೆ ಬಂದಾಗ ಒಂದು ಕ್ಷಣ ತಡವರಿಸಿ ನನ್ನತ್ತ ನೋಡಿದರು. ಸಮಿತಿಯ ಹಿರಿಯರು ಈ ಪದಗಳ ಅರ್ಥವೇನು ಎಂದು ಕೇಳಿದರು. ಇದು ಈ ಭಾಗದ ನಾಮಕರಣ ಪದ್ಧತಿ ಎಂದು ಮುಖ್ಯಸ್ಥರು ಇಂಗ್ಲಿಷಿನಲ್ಲಿ ಹೇಳಿದರು. ಅವರು ತಿಳಿದು ಹೇಳಿದರೋ ತಿಳಿಯದೆ ಹೇಳಿದರೋ, ಅದಕ್ಕಿಂತ ಸರಿಯಾದ ಉತ್ತರ ಇರಲಿಲ್ಲ. ಸಮಿತಿಯವರು ಬರೆದುಕೊಂಡರು. ಹತ್ತೂ ಎದ್ದು ನಿಂತಿದ್ದವು. ಚಹಾಕ್ಕೆ ಹೋಗುವಾಗ ಮುಖ್ಯಸ್ಥರು, ಹಿಂದಿನ ಸಂಜೆ ನಾನು ಮರಳಿಸಿದ್ದ ಕೀಲಿಕೈಯನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದರು.

ಅದನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಸಿಪಾಯಿಯವರು ಬಾಗಿಲಿಗೆ ಬಂದರು. “ಬಾಯಾರ, ನಿಮಗ ಫೋನ್ ಐತ್ರಿ. ಒಬ್ಬ ಹೆಣ್ಮಗಳು. ನಿಮ್ಮ ಹೆಸರ ಹೇಳಿ ಕೇಳಿದ್ರು.”

ಹೆಸರು ಹೇಳಿ ಕೇಳಿದರು ಎಂದರೆ ಮನೆಯವರಲ್ಲ. ಯಾವುದೋ ಆಫೀಸಿನವರಿರಬೇಕು ಎಂದುಕೊಂಡು ಹೋಗಿ ಫೋನು ಕಿವಿಗಿಟ್ಟೆ. ಆ ಕಡೆ ನನ್ನೊಡನೆ ಯಾರೂ ಮಾತಾಡುತ್ತಿರಲಿಲ್ಲ, ತಮ್ಮ ತಮ್ಮಲ್ಲೇ ಮಾತು ನಡೆದಿತ್ತು.

“ನನ್ನ ಹೆಸರ ಹಿಡದು ಕರದೇನ ನೀ?” ಆಯಿಯ ದನಿ.

“ನಿಮ್ಮನ್ನಲ್ಲರಿ ಅತ್ತಿ. ನನ್ನ ಮಗಳನ್ನ ಕರದೀನಿ.” ಅವ್ವನ ದನಿ. “ಹೆಸರ ಹೇಳಲಿಲ್ಲಂದ್ರ ಅಲ್ಲಿ ಫೋನ್ ಇಟ್ಟಬಿಡ್ತಾರ್ರಿ. ಹತ್ತೂ ಎದ್ದುವೋ ಇಲ್ಲೋ ನನಗ ಕೇಳಬೇಕಾಗೇತಿ.”

ಆಯಿ ಈಗ ಕಿರುಚುತ್ತಾಳೆ, ಮೂರು ದಿನ ಊಟ ಬಿಡುತ್ತಾಳೆ, ಅಪ್ಪನನ್ನು ಕರೆಸುತ್ತಾಳೆ ಎಂದುಕೊಂಡೆ.

“ನಾನು ಓ ಅಂದ್ನೆವಾ” ಎಂದಳು ಆಯಿ ಸಣ್ಣ ದನಿಯಲ್ಲಿ. “ನನ್ನಽ ಯಾರೋ ಕರದ್ರು ಅಂತ ತಿಳದೆ. ನಮ್ಮವ್ವ ಹೋದ ಮ್ಯಾಲ ಯಾರೂ ಕರದಿದ್ದಿಲ್ಲ.” ಆಮೇಲೆ, “ಇನ್ನೊಮ್ಮಿ ಕರಿ ನೋಡೂಣು.”

ಅವ್ವ ಕರೆದಳು. ಆ ಕಡೆ ಆಯಿ, ಈ ಕಡೆ ನಾನು, ಇಬ್ಬರೂ ಓ ಎಂದೆವು.